ಉಪ್ಪು ಹೆಚ್ಚಾದ ಕಡಲು

ನಮ್ಮ ಮನೆಯಲ್ಲಿ ಜಗಳ ಆಡುತ್ತಿರಲಿಲ್ಲ, ಚರ್ಚೆ ಮಾಡುತ್ತಿದ್ದೆವು. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳು ನಾನು. ಅಪ್ಪ ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಪಾಠ ಮಾಡುವುದು ಸಂಬಳಕ್ಕೆ. ಹುಡುಗರನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡುವುದು ಅವರ ನಿಜವಾದ ಕಸುಬು. ಆ ಪದ್ಧತಿಯನ್ನೇ ಮನೆಗೂ ತಂದಿದ್ದರು. ಯಾವುದಕ್ಕೆ ಭಿನ್ನಾಭಿಪ್ರಾಯ ಬಂದರೂ ಊಟವಾದ ಮೇಲೆ ಪಡಸಾಲೆಯಲ್ಲಿ ಕೂರಬೇಕು. ಪರ ಐದು ನಿಮಿಷ, ವಿರೋಧ ಐದು ನಿಮಿಷ, ಖಂಡನೆಗೆ ಒಂದೊಂದು ನಿಮಿಷ. ಸಮಯ ಮುಗಿದ ಕೂಡಲೇ ಅಪ್ಪ ಮೇಜಿನ ಗಂಟೆ ಒತ್ತುತ್ತಿದ್ದರು. ತೀರ್ಪು ಅವರದು, ಅದನ್ನು ಗೊಣಗದೆ ಪಾಲಿಸುವುದು ಎಲ್ಲರದು. ಹಿತ್ತಿಲ ನುಗ್ಗೆಮರ ಕಡಿಯಬೇಕೋ ಬೇಡವೋ, ಟಿ.ವಿ.ಗೆ ಕೇಬಲ್ ಹಾಕಿಸಬೇಕೋ ಬೇಡವೋ, ದೊಡ್ಡಪ್ಪನ ಮನೆಯ ಮದುವೆಗೆ ನಾಲ್ಕೂ ಜನ ಹೋಗಬೇಕೋ ಇಬ್ಬರು ಸಾಕೋ, ಎಲ್ಲವೂ ಹೀಗೇ ಇತ್ಯರ್ಥವಾಗುತ್ತಿದ್ದವು.

ಹೆಚ್ಚಿನವನ್ನು ಗೆದ್ದವಳು ನಾನು. ಎಲ್ಲವನ್ನೂ ಸೋತವನು ನನಗಿಂತ ಐದು ವರ್ಷಕ್ಕೆ ದೊಡ್ಡವನಾದ ಅಣ್ಣ. ಅವನಿಗೆ ಉಗ್ಗು ಇರಲಿಲ್ಲ, ದಡ್ಡತನವೂ ಇರಲಿಲ್ಲ. ಒಂದು ವಾಕ್ಯ ಶುರು ಮಾಡಿ, ತಾನು ಹೇಳುತ್ತಿರುವುದು ನಿಜವೇ ಎಂದು ನೋಡಿಕೊಳ್ಳಲು ನಡುವೆ ನಿಲ್ಲುತ್ತಿದ್ದ, ಅಷ್ಟೆ. ಅಂಥ ಮನುಷ್ಯನಿಗೆ ಐದು ನಿಮಿಷ ಯಾವುದಕ್ಕೂ ಸಾಲದು. ಅಮ್ಮ ಪರವೂ ಅಲ್ಲ, ವಿರೋಧವೂ ಅಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುವ ಸಭಿಕಳು.

ಅಣ್ಣ ಪಿಯುಸಿ ಮುಗಿಸಿ ಮಂಗಳೂರಿನಲ್ಲಿ ಮೀನಿನ ತೊಟ್ಟಿಗಳನ್ನು ಮಾಡಿಕೊಡುವ ಅಂಗಡಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ. ವಾಪಸು ಬಂದವನು ನಮ್ಮ ಮನೆಯ ಮುಂದಿನ ಕೋಣೆಯನ್ನು ಕಾರ್ಖಾನೆ ಮಾಡಿಕೊಂಡ. ಗಾಜು ಕತ್ತರಿಸಿ, ಅಂಟು ಹಚ್ಚಿ, ಚಿನ್ನದಂಗಡಿಗೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ತೊಟ್ಟಿಗಳನ್ನು ಮಾಡಿಕೊಡುತ್ತಿದ್ದ. ಅವೆಲ್ಲ ಸಿಹಿನೀರಿನವು; ಕೆಂಪು ಮೀನು, ಪ್ಲಾಸ್ಟಿಕ್ ಗಿಡ. ತನಗೆ ಅಂತ ಮಾಡಿಕೊಂಡಿದ್ದು ಮಾತ್ರ ಮೂರಡಿಯ ಕಡಲು. ಪುಡಿಯ ರೂಪದಲ್ಲಿ ಬರುವ ಸಮುದ್ರದ ಉಪ್ಪನ್ನು ಶುದ್ಧ ಮಾಡಿದ ನೀರಿನಲ್ಲಿ ಕಲಸಿ, ಕಲ್ಲು ಜೋಡಿಸಿ, ತಿಂಗಳುಗಟ್ಟಲೆ ಖಾಲಿ ನೀರನ್ನೇ ಓಡಿಸಿದ. ನಾನು ಅದನ್ನು ನೋಡಿ, 'ಇದರಲ್ಲಿ ಏನಿದೆ ಅಂತ ದಿನಾ ನೋಡ್ತೀಯ?' ಎಂದು ಕೇಳಿದ್ದೆ. 'ಇನ್ನೂ ಏನಿಲ್ಲ' ಅಂದಿದ್ದ.

ಆಮೇಲೆ ಅದು ಬಂತು. ಮೃದು ಹವಳ. ಹವಳ ಎಂದರೆ ಉಂಗುರದ ಕೆಂಪು ಹರಳು ಎಂದಷ್ಟೇ ತಿಳಿದಿದ್ದ ನನಗೆ ಅದು ಪ್ರಾಣಿ ಅನ್ನುವುದನ್ನೇ ನಂಬಲಾಗಲಿಲ್ಲ. ಕಂದುಬಣ್ಣದ ದಪ್ಪ ಕಾಂಡ, ಅದರ ಮೇಲೆ ಚರ್ಮದಂಥ ಅಗಲವಾದ ಟೋಪಿ, ಥೇಟ್ ಮಳೆಗಾಲದ ಅಣಬೆ. ಆದರೆ ಬೆಳಿಗ್ಗೆ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಆ ಟೋಪಿಯ ಮೈತುಂಬ ಸಾವಿರ ಸಣ್ಣ ಹೂಗಳು ಎದ್ದು ನಿಲ್ಲುತ್ತಿದ್ದವು. ಒಂದೊಂದು ಹೂವೂ ನೀರಿನ ಓಟಕ್ಕೆ ಬಾಗಿ, ಮತ್ತೆ ನಿಂತು, ಮತ್ತೆ ಬಾಗುತ್ತಿತ್ತು. ಅದು ಉಣ್ಣುವ ಬಾಯಿ, ಉಸಿರಾಡುವ ಮೈ, ಎಲ್ಲ ಅದೇ ಅಂತೆ. ನಾವು ಅದಕ್ಕೆ ಛತ್ರಿ ಅನ್ನುತ್ತಿದ್ದೆವು.

ಇದೇ ಹೊತ್ತಿಗೆ ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಪ್ರಯೋಗಾಲಯದ ಸಹಾಯಕನ ಜಾಗ ಖಾಲಿಯಿದೆ, ಜೂನ್‌ನಲ್ಲಿ ಸೇರಬೇಕು ಎಂದು ಅಪ್ಪನ ಹಳೆಯ ಶಿಷ್ಯರೊಬ್ಬರು ಹೇಳಿಕಳಿಸಿದರು. ಅಣ್ಣನಿಗೆ ಅದು ಬೇಡ. ಅಪ್ಪನಿಗೆ ಬೇಕು. ಪಡಸಾಲೆಯಲ್ಲಿ ಕೂತೆವು. ಅಣ್ಣ ಮೂರು ವಾಕ್ಯ ಹೇಳಿದ. ಕಡಲಿನ ತೊಟ್ಟಿ ಮಾಡಬಲ್ಲವರು ಈ ಕಡೆ ಯಾರೂ ಇಲ್ಲ, ತನಗೆ ಬರುತ್ತದೆ, ಮಾಡುತ್ತೇನೆ. 'ಬರ್ತದೆ ಅನ್ನೋದಕ್ಕೆ ಸಾಕ್ಷಿ?' ಎಂದು ಎದ್ದವಳು ನಾನು. ಆ ಛತ್ರಿ ಜೂನ್‌ವರೆಗೆ ಚೆನ್ನಾಗಿ ಬದುಕಿದರೆ ಮುಂದಿನ ಕೋಣೆ ಅವನದು, ಅದು ಸತ್ತರೆ ಹೊಸದುರ್ಗ. ಹೀಗೊಂದು ಷರತ್ತನ್ನು ಸೂಚಿಸಿದವಳೂ ನಾನೇ. ನ್ಯಾಯವಾದ ಮಾತು ಎಂದೇ ನನಗೆ ಆಗ ಅನಿಸಿತ್ತು. ಅಪ್ಪ ಅದನ್ನೇ ತೀರ್ಪು ಮಾಡಿದರು. 'ಜೀವ ಉಳಿಸ್ಕಳಾಕೆ ಬರ್ದೋನು ಅದನ್ನ ಮಾರಬಾರ್ದು' ಅಂದರು.

ಏಪ್ರಿಲ್‌ನಲ್ಲಿ ಹಿರಿಯೂರಿನ ಹೆದ್ದಾರಿಯ ಹೋಟೆಲೊಂದರವರು ಗೋಡೆಯ ಅಗಲಕ್ಕೆ ತೊಟ್ಟಿ ಬೇಕು ಎಂದು ಅಣ್ಣನನ್ನು ಕರೆದರು. ಅಲ್ಲೇ ಉಳಿದು ಮಾಡಬೇಕಾದ ಮೂರು ವಾರದ ಕೆಲಸ. ಹೊರಡುವ ಹಿಂದಿನ ದಿನ ನನ್ನನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಗಾಜಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದ.

'ಬ್ಯಾಸ್ಗೆ ಗಾಳಿ, ನೀರು ದಿನಾ ಇಂಗ್ತೈತೆ. ಈ ಗೆರೆ ತನಕ ತುಂಬ್ಸು. ಈ ಕ್ಯಾನಿಂದ.'

ಕ್ಯಾನಿನಲ್ಲಿದ್ದದ್ದು ಬರೀ ಶುದ್ಧ ನೀರು. ಪಕ್ಕದಲ್ಲೇ ಉಪ್ಪು ಕಲಸಿದ ನೀರಿನ ಡ್ರಮ್ಮೂ ಇತ್ತು.

'ಅದ್ಯಾಕೆ? ಉಪ್ಪುನೀರು ಐತಲ್ಲ.'

'ಅದು ಬ್ಯಾಡ. ಬರೀ ನೀರು.'

'ಯಾಕೆ ಅಂತ ಹೇಳು.'

ಅವನು ಶುರು ಮಾಡಿದ, ನಿಂತ. ನಾನು ಬಿಡಲಿಲ್ಲ. ಅಪ್ಪ ಪಡಸಾಲೆಯಿಂದ, 'ಏನದು?' ಅಂದರು. ಅಷ್ಟು ಸಾಕಿತ್ತು. ರಾತ್ರಿ ಊಟಕ್ಕೂ ಕಾಯದೆ ಗಂಟೆ ಮೇಜಿನ ಮೇಲೆ ಬಂತು.

ನನ್ನ ವಾದ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ. ಇದು ಕಡಲು. ಕಡಲಿನಿಂದ ದಿನಕ್ಕೆ ಮೂರು ತಂಬಿಗೆ ಹೋಗುತ್ತದೆ. ಹೋದ ಜಾಗಕ್ಕೆ ದಿನಕ್ಕೆ ಮೂರು ತಂಬಿಗೆ ಸಪ್ಪೆ ನೀರು ಸುರಿದರೆ ಮೂರು ವಾರಕ್ಕೆ ಇದು ಕಡಲಾಗಿ ಉಳಿಯುತ್ತದೆಯೇ, ಕೆರೆಯಾಗುತ್ತದೆಯೇ? 'ಕಳೆದುಹೋಗುವುದು ಕಡಲಾದರೆ ತುಂಬಿಕೊಡಬೇಕಾದದ್ದೂ ಕಡಲೇ' ಎಂದು ಮುಗಿಸಿದೆ. ಅಪ್ಪನ ಹುಬ್ಬು ಮೇಲೆ ಹೋಯಿತು. ಒಳ್ಳೆಯ ವಾಕ್ಯ ಕೇಳಿದಾಗ ಅವರ ಹುಬ್ಬು ಹಾಗೇ ಹೋಗುತ್ತಿತ್ತು.

ಅಣ್ಣ ಎದ್ದು ನಿಂತ. 'ನೀರು... ಹೋಗೋದು...' ಅಂದ. ತೊಟ್ಟಿಯ ಕಡೆ ನೋಡಿದ. 'ಅದು ಹೆಂಗಂದ್ರೆ...' ಅಂದ. ಹೇಗೆ ಹೇಳಿದರೆ ಇದು ಸಂದೇಹವಿಲ್ಲದೆ ತಲುಪುತ್ತದೆ ಎಂದು ಅವನು ಹುಡುಕುತ್ತಿದ್ದ. ಅದು ಈಗ ಗೊತ್ತಾಗುತ್ತದೆ. ಆಗ ನಾನು ಗಡಿಯಾರ ನೋಡುತ್ತಿದ್ದೆ. ಅಪ್ಪ ಗಂಟೆ ಒತ್ತಿದರು. ಡ್ರಮ್ಮಿನ ನೀರು ಎಂದು ತೀರ್ಪು ಬಂತು. ಅಣ್ಣ ಕ್ಯಾನಿನ ಮುಚ್ಚಳ ಹಾಕಿದ. ನಮ್ಮ ಮನೆಯಲ್ಲಿ ತೀರ್ಪಿಗೆ ಎದುರಾಡಿದವರಿಲ್ಲ. ಹೊರಡುವಾಗ ಮಾತ್ರ, 'ದಿನಾ ಒಂದ್ಸಲ ತೇಲುಗಡ್ಡಿ ನೋಡು' ಎಂದು ಒಂದು ಗಾಜಿನ ಕಡ್ಡಿಯನ್ನು ಕೈಗೆ ಕೊಟ್ಟ. ನೀರಿನಲ್ಲಿ ಬಿಟ್ಟರೆ ಉಪ್ಪು ಎಷ್ಟಿದೆ ಎಂದು ಹೇಳುವ ಕಡ್ಡಿ ಅದು. ಉಪ್ಪು ಜಾಸ್ತಿಯಾದಷ್ಟೂ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ನಾನು ಅದನ್ನು ಕಿಟಕಿಯ ಮೇಲಿಟ್ಟು ಮರೆತೆ. ಗೆದ್ದ ವಾದವನ್ನು ಮತ್ತೆ ಅಳೆದು ನೋಡುವ ಅಭ್ಯಾಸ ನನಗಿರಲಿಲ್ಲ.

ಆ ಬೇಸಿಗೆ ಜೋಗಿಮಟ್ಟಿ ಕಡೆಯಿಂದ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಕೋಟೆಯ ಬಂಡೆಗಳು ಹಗಲಿಡೀ ಕಾದು ಸಂಜೆ ಆ ಕಾವನ್ನು ನಮ್ಮ ಬೀದಿಗೆ ಬಿಡುತ್ತಿದ್ದವು. ತೊಟ್ಟಿಯ ನೀರು ನೋಡನೋಡುತ್ತ ಇಳಿಯುತ್ತಿತ್ತು. ನಾನು ಒಂದು ದಿನವೂ ತಪ್ಪಿಸಲಿಲ್ಲ. ಅಳೆದು, ಗೆರೆ ಮುಟ್ಟುವ ತನಕ, ಡ್ರಮ್ಮಿನಿಂದ ಉಪ್ಪುನೀರು ಸುರಿದೆ. ಗಾಜಿನ ಅಂಚಿಗೆ ಬಿಳಿ ಪುಡಿ ಕಟ್ಟುತ್ತಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಚೊಕ್ಕಟವಾಗಿ ಒರೆಸಿ ತೆಗೆದೆ. ಆ ಪುಡಿ ಏನು ಹೇಳುತ್ತಿದೆ ಎಂದು ಯೋಚಿಸಲಿಲ್ಲ.

ಎರಡನೆಯ ವಾರದ ಕೊನೆಗೆ ಗಾಜಿನಂಗಡಿಯ ಚಾಚಾ ಬಂದರು. ಅಣ್ಣನಿಗೆ ಗಾಜು ಕೊಡುವವರು ಅವರೇ. ಅವರ ಅಜ್ಜನ ಅಜ್ಜನ ಕಾಲದಿಂದಲೂ ಅವರದು ಇದೇ ಊರು. ಹಿರಿಯೂರಿಗೆ ಕಳಿಸಬೇಕಾದ ಗಾಜಿನ ಅಳತೆ ಕೇಳಲು ಬಂದವರು ತೊಟ್ಟಿಯ ಮುಂದೆ ಬಗ್ಗಿದರು.

'ಯಾಕ್ ಬೇಟಿ, ಛತ್ರಿ ಮುಚ್ಕಂಡೈತೆ?'

'ಮಲಗೈತೆ ಚಾಚಾ.'

'ಮಧ್ಯಾಹ್ನ ಹನ್ನೆರಡು ಗಂಟೆಗಾ? ನಮ್ ದೊಡ್ಡ ಮಗ ಆಗೈತಾ ಇದು?'

'ಪ್ರಾಣಿಗಳಿಗೆ ನಮ್ಮ ಗಡಿಯಾರ ಯಾಕ್ ಚಾಚಾ? ಮುಚ್ಚಿದ್ರೆ ಕಾಯಿಲೆನೇ ಅಂತ ಯಾರ್ ಹೇಳಿದ್ದು? ಮೊನ್ನೆ ತೆರೆದಿದ್ದಾಗ ನೀವು ಬಂದು ಚೆನ್ನಾಗೈತೆ ಅಂದ್ರಾ?'

'ನಿನ್ ಜತೆ ಮಾತಾಡಾಕೆ ವಕೀಲರನ್ನ ಕರ್ಕಂಡ್ ಬರ್ಬೇಕು' ಎಂದು ನಕ್ಕು ಹೋದರು. ಹೋಗುವಾಗ ಬಾಗಿಲಲ್ಲಿ ತಿರುಗಿ, 'ಆದ್ರೂ ಒಂದ್ ಫೋನ್ ಮಾಡಮ್ಮ ಅವ್ನಿಗೆ' ಅಂದರು. ಹೋಟೆಲಿನ ನಂಬರು ಕ್ಯಾಲೆಂಡರಿನ ಮೇಲೆ ಬರೆದಿತ್ತು. ಮಾಡಲಿಲ್ಲ. ಮಾಡಿದರೆ ಅವನು ಮೊದಲು ಕೇಳುವುದು ಯಾವ ನೀರು ಎಂದೇ ಎನ್ನುವುದು ನನಗೆ ಗೊತ್ತಿತ್ತು. ಸಂದೇಹ ಅನ್ನುವುದು ಇನ್ನೊಬ್ಬರ ಮಾತಿನ ಮೇಲೆ ಪ್ರಯೋಗಿಸುವ ಆಯುಧ ಎಂದುಕೊಂಡು ಬೆಳೆದವಳು ನಾನು.

ಅಣ್ಣ ಬಂದ ದಿನ ಚೀಲವನ್ನೂ ಇಳಿಸದೆ ಮುಂದಿನ ಕೋಣೆಗೆ ಹೋದ. ಛತ್ರಿ ಮುಚ್ಚಿ ಅರ್ಧಕ್ಕೆ ಕುಗ್ಗಿತ್ತು. ಮೈಮೇಲೆ ಮೇಣದಂಥ ಹೊಳಪು. ಟೋಪಿಯ ಒಂದು ಅಂಚು ಕಪ್ಪಾಗಿ ಲೋಳೆಯಾಗುತ್ತಿತ್ತು. ಅವನು ಕಿಟಕಿಯ ಮೇಲಿದ್ದ ಕಡ್ಡಿಯನ್ನು ತೆಗೆದು ನೀರಿಗೆ ಬಿಟ್ಟ. ಕುತ್ತಿಗೆಯಷ್ಟೇ ಹೊರಗಿರಬೇಕಾದ ಅದು ಎದೆಯ ತನಕ ನೀರಿನಿಂದ ಹೊರಗೆ ನಿಂತಿತು. ಅವನು ಬಗ್ಗಿ ನೋಡಿದ. ನಾನೂ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಒಂದು ಮಾತು ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು.

ಅಮ್ಮ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

'ಏನಾಯ್ತಪ್ಪ?'

'ಉಪ್ಪು ಜಾಸ್ತಿ ಆಗೈತಮ್ಮ.'

'ಆಗ್ದೆ ಇನ್ನೇನು? ಸಾರು ಕುದ್ದು ಇಂಗಿ ಉಪ್ಪಾದ್ರೆ ಅದ್ಕೆ ನೀರ್ ಹಾಕ್ತಾರೋ, ಇನ್ನೆರಡು ಸೌಟು ಸಾರೇ ಹಾಕ್ತಾರೋ?'

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಗಾಳಿಗೆ ಹೋಗುವುದು ನೀರು ಮಾತ್ರ. ಉಪ್ಪು ಎಲ್ಲಿಗೂ ಹೋಗುವುದಿಲ್ಲ. ನಾನು ದಿನಾ ಮೂರು ತಂಬಿಗೆ ನೀರಿನ ಉಪ್ಪನ್ನು ಅದರ ಮೇಲೆ ಹೇರುತ್ತ ಬಂದಿದ್ದೆ. ದಿನಾ ಒಲೆಯ ಮುಂದೆ ನಡೆಯುವ ವಿಷಯ.

'ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲಮ್ಮ?' ಎಂದು ಅವಳ ಮೇಲೇ ಹೋದೆ.

'ನಂಗ್ಯಾವಾಗ ಐದು ನಿಮಿಷ ಕೊಟ್ಟಿದ್ರವ್ವ ನೀವು?' ಅಂದಳು. ಸಿಟ್ಟಿನಿಂದ ಅಲ್ಲ. ಕಾಫಿ ಇಟ್ಟು ಹೋದಳು.

ತಪ್ಪು ಸಿಕ್ಕಿತು ಎಂದ ಮೇಲೆ ನನಗೆ ಅದನ್ನು ಆ ಕ್ಷಣದಲ್ಲೇ ಸರಿಪಡಿಸುವ ಆತುರ. ಎರಡು ಬಕೆಟ್ ಉಪ್ಪುನೀರು ಹೊರಗೆ ಚೆಲ್ಲು, ಎರಡು ಬಕೆಟ್ ಶುದ್ಧ ನೀರು ಹಾಕು, ಲೆಕ್ಕ ಸರಿಹೋಗುತ್ತದೆ. ಬಕೆಟ್ಟನ್ನು ಎತ್ತಿಯೂ ಬಿಟ್ಟಿದ್ದೆ.

'ಬ್ಯಾಡ' ಅಂದ ಅಣ್ಣ.

'ಯಾಕೆ? ಉಪ್ಪು ಜಾಸ್ತಿಯಾಗಿದೆ, ಕಮ್ಮಿ ಮಾಡ್ಬೇಕು. ಇದರಲ್ಲಿ ಎರಡು ಮಾತಿದೆಯಾ?'

'ಅದು ಮೂರು ವಾರ... ಇದ್ಕೆ ಹೊಂದ್ಕಂಡೈತೆ. ಒಂದೇ ದಿನ ಎಳೆದ್ರೆ ಸಾಯ್ತೈತೆ. ಹೋದ ದಾರಿಯಲ್ಲೇ ಬರ್ಬೇಕು. ಅಷ್ಟೇ ದಿನ ತಗಂಡು.'

ನಾನು ಬಕೆಟ್ ಇಳಿಸಿದೆ. ಅವನ ಬಾಯಿಂದ ಅಷ್ಟು ಉದ್ದದ ಮಾತನ್ನು ನಡುವೆ ಬಾಯಿ ಹಾಕದೆ ನಾನು ಕೇಳಿದ್ದು ಅದೇ ಮೊದಲಿರಬೇಕು.

ಅವನು ಆ ಸಂಜೆ ಮಾಡಿದ ಕೆಲಸಗಳು ಕಣ್ಣಿಗೆ ಕಟ್ಟಿದಂತಿವೆ. ಕಲ್ಲಿನ ಸಮೇತ ಛತ್ರಿಯನ್ನು ಅದೇ ತೊಟ್ಟಿಯ ನೀರಿದ್ದ ಬೋಗುಣಿಗೆ ತೆಗೆದುಕೊಂಡ. ಹೊಸ ಬ್ಲೇಡು ಬಿಚ್ಚಿ, ಕೊಳೆತ ಅಂಚನ್ನು, ಅದರ ಜೊತೆ ಚೆನ್ನಾಗಿಯೇ ಕಾಣುತ್ತಿದ್ದ ಒಂದು ಬೆರಳಿನಷ್ಟನ್ನೂ ಸೇರಿಸಿ ಕತ್ತರಿಸಿ ತೆಗೆದ. ಒಳಗೆ ಬೆಳ್ಳಗೆ ಗಟ್ಟಿಯಾದ ಮಾಂಸ. 'ಇಲ್ಲಿಂದ ಜೀವ ಐತೆ' ಅಂದ. ಕಿರುಪಂಪಿನ ಬಾಯಿಯನ್ನು ತಿರುಗಿಸಿ ನೀರು ಟೋಪಿಯ ಮೇಲೆ ಹಾದುಹೋಗುವ ಹಾಗೆ ಮಾಡಿದ. ಮೇಲಿನ ಮೇಣದ ಪೊರೆ ಕಳಚಲು ಅದಕ್ಕೆ ಸ್ವಂತ ಬಲವಿಲ್ಲವಂತೆ, ನೀರೇ ಎತ್ತಬೇಕು. ಇದ್ದಿಲನ್ನು ತೊಳೆದು ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿ ಇಳಿಬಿಟ್ಟ. ದೀಪದ ಮುಂದೆ ಬಿಳಿ ಪಂಚೆಯ ತುಂಡು ಕಟ್ಟಿ ಬೆಳಕನ್ನು ತಗ್ಗಿಸಿದ. ಒಂದು ತಂಬಿಗೆ ತೊಟ್ಟಿಯ ನೀರು ತೆಗೆದು ಒಂದು ತಂಬಿಗೆ ಕ್ಯಾನಿನ ನೀರನ್ನು ಬಹಳ ಸಣ್ಣಗೆ ಬಿಟ್ಟ. ಆಮೇಲೆ ಕೈ ತೊಳೆದುಕೊಂಡ.

'ಅಷ್ಟೇನಾ?'

'ಅಷ್ಟೇ. ಇನ್ನು ಮುಟ್ಟಬಾರ್ದು.'

ಅಪ್ಪ ಅದನ್ನು ನೋಡಿದ್ದು ಮಾರನೆಯ ದಿನ. ಕುಗ್ಗಿದ, ಅಂಚು ಹೋದ ಛತ್ರಿಯನ್ನು ನೋಡಿ, 'ಮೂರು ವಾರ ಬಿಟ್ಟೋದ್ಯಲ್ಲ, ಹಿಂಗಾಗ್ದೆ ಇನ್ನೇನಾಗ್ತೈತೆ?' ಎಂದು ಅಣ್ಣನಿಗೆ ಅಂದರು. ಅವರಿಗೆ ನೀರಿನ ವಿಷಯ ಮರೆತೇಹೋಗಿತ್ತು. ತೀರ್ಪು ಕೊಟ್ಟವರಿಗೆ ಅದು ಒಂದು ಸಂಜೆಯ ಮಾತು. ಅಣ್ಣ ಕ್ಯಾನಿನಿಂದ ತಂಬಿಗೆಗೆ ನೀರು ಬಗ್ಗಿಸಿಕೊಂಡ. ನಾನು ಅಲ್ಲೇ ನಿಂತಿದ್ದೆ. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ವಾಕ್ಯ, ಸಂಪೂರ್ಣ ನಿಜವಾದದ್ದು. ಅದನ್ನು ಹೇಳಲು ಐದು ನಿಮಿಷ ಬೇಡ, ಐದು ಸೆಕೆಂಡು ಸಾಕಾಗಿತ್ತು. ಜಿಲ್ಲೆಯ ಎಲ್ಲ ವೇದಿಕೆಗಳ ಮೇಲೂ ನಿಂತು ಮಾತಾಡಿದ ನಾನು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಯಿ ಬಿಡಲಿಲ್ಲ.

ಮೇ ತಿಂಗಳೆಲ್ಲ ತಂಬಿಗೆ ತೆಗೆಯುವುದು, ತಂಬಿಗೆ ಬಿಡುವುದು. ತೇಲುಗಡ್ಡಿ ದಿನಕ್ಕೆ ಒಂದು ಕೂದಲಿನಷ್ಟು ಕೆಳಗಿಳಿಯುತ್ತಿತ್ತು. ಕರೆಂಟು ಹೋದಾಗ ಅಣ್ಣ ಪಂಪನ್ನು ಹಳೆಯ ಬ್ಯಾಟರಿಗೆ ಹಾಕುತ್ತಿದ್ದ, ಅದೂ ಸಾಯುವಾಗ ತಂಬಿಗೆಯಿಂದ ನೀರನ್ನು ಎತ್ತಿ ಎತ್ತಿ ಬಿಡುತ್ತಿದ್ದ. ಉಪ್ಪು ಸರಿಯಾದ ಮಟ್ಟಕ್ಕೆ ಬಂತು. ಛತ್ರಿ ತೆರೆಯಲಿಲ್ಲ. ಕೊಳೆಯುವುದು ನಿಂತಿತ್ತು, ಅಷ್ಟೇ. ನನಗೆ ತಾಳ್ಮೆ ಹೋಗುತ್ತಿತ್ತು. ಔಷಧಿ ಏನಾದರೂ ಹಾಕಬಾರದೇ, ಜಾಗ ಬದಲಿಸಬಾರದೇ, ದೀಪ ಜಾಸ್ತಿ ಮಾಡಬಾರದೇ ಎಂದು ದಿನಕ್ಕೊಂದು ಕೇಳುತ್ತಿದ್ದೆ. 'ಒಂದೇ ಮಾಡ್ಬೇಕು, ಕಾಯ್ಬೇಕು. ಎರಡು ಮಾಡಿದ್ರೆ ಯಾವುದ್ರಿಂದ ಏನಾಯ್ತು ಅಂತ ಗೊತ್ತಾಗಲ್ಲ' ಅನ್ನುತ್ತಿದ್ದ. ವಿಜ್ಞಾನದ ಹೆಸರು ಹೇಳಿಕೊಂಡು ನಾನು ಎಷ್ಟೋ ಭಾಷಣ ಮಾಡಿದ್ದೆ. ಆ ಒಂದು ಮಾತು ಯಾವ ಭಾಷಣದಲ್ಲೂ ಇರಲಿಲ್ಲ.

ಶಾಲೆ ಶುರುವಾಗುವ ಮುಂಚಿನ ಭಾನುವಾರ ಅಪ್ಪ ಮುಂದಿನ ಕೋಣೆಗೆ ಕುರ್ಚಿ ಹಾಕಿಸಿಕೊಂಡು ಕೂತರು.

'ಬದುಕೈತಾ, ಸತ್ತೈತಾ?'

'ಬದುಕೈತೆ' ಅಂದ ಅಣ್ಣ.

'ಸಾಕ್ಷಿ?'

ನನ್ನ ಮಾತು. ಈಗ ಅವರ ಬಾಯಲ್ಲಿತ್ತು. ಅಣ್ಣ ಅಂಗಿಯ ತೋಳು ಮಡಿಚಿ ನೀರಿಗೆ ಕೈ ಹಾಕಿ ಛತ್ರಿಯನ್ನು ಮೇಲಕ್ಕೆ ಎತ್ತಿದ. 'ಮೂಸಿ ನೋಡ್ರಿ ಅಪ್ಪ. ಸತ್ತಿದ್ರೆ ನಿಲ್ಲಾಕಾಗಲ್ಲ ವಾಸ್ನೆಗೆ.' ಅಪ್ಪ ಕನ್ನಡಕ ತೆಗೆದು ನಿಜವಾಗಲೂ ಬಗ್ಗಿ ಮೂಸಿದರು. ನಾನೂ ಮೂಸಿದೆ. ತೊಳೆದ ಕಲ್ಲಿನಂಥ, ದೂರದ್ದೊಂದು ವಾಸನೆ. ಕೊಳೆತದ್ದಲ್ಲ.

ಅಪ್ಪ ಕೂತರು. 'ಷರತ್ತು ಚೆನ್ನಾಗಿ ಬದುಕಿರಬೇಕು ಅಂತ ಇತ್ತು' ಅಂದರು. 'ಇದು ಚೆನ್ನಾಗೈತಾ?' ನನ್ನ ಕಡೆ ತಿರುಗಿದರು. 'ಏನಮ್ಮ, ನೀನೇ ಹೇಳು.'

'ಗೊತ್ತಿಲ್ಲ' ಅಂದೆ. ಅಪ್ಪ ಕಾದರು. ಆಮೇಲೆ ಹೊಸದುರ್ಗ ಎಂದು ತಾವೇ ತೀರ್ಪು ಕೊಟ್ಟರು.

ಅಣ್ಣ ಸೋಮವಾರ ಹೊಸದುರ್ಗಕ್ಕೆ ಹೋದ. ಗಾಜು, ಅಂಟು, ಕತ್ತರಿಸುವ ವಜ್ರದ ಪೆನ್ನು ಎಲ್ಲವನ್ನೂ ಚಾಚಾರ ಅಂಗಡಿಗೆ ಹಿಂದಿರುಗಿಸಿದ. ತೊಟ್ಟಿಯನ್ನು ಮಾತ್ರ ಬಿಟ್ಟು ಹೋದ. ನನಗೆ ಯಾವ ಸೂಚನೆಯನ್ನೂ ಕೊಡಲಿಲ್ಲ, ಗೆರೆ ಎಳೆಯಲಿಲ್ಲ. ಕ್ಯಾನು ತುಂಬಿಸಿಟ್ಟಿದ್ದ.

ಆಮೇಲಿನ ಆರೇಳು ವಾರ ನಾನು ಏನು ಮಾಡಿದೆ ಎಂದರೆ, ಏನೂ ಮಾಡದಿರುವುದನ್ನು ಮಾಡಿದೆ. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಇಂಗಿದಷ್ಟು ನೀರು, ಕ್ಯಾನಿನಿಂದ. ವಾರಕ್ಕೊಮ್ಮೆ ಇದ್ದಿಲು ಬದಲು. ಹದಿನೈದು ದಿನಕ್ಕೊಮ್ಮೆ ಪಂಚೆಯ ಬಟ್ಟೆಯನ್ನು ಬೆರಳಗಲ ಸರಿಸುವುದು. ಕೈ ಹಾಕಿ ಒಮ್ಮೆ ಅಲುಗಿಸಿ ನೋಡಬೇಕು ಎಂದು ದಿನವೂ ಅನಿಸುತ್ತಿತ್ತು. ಒಂದು ಗುರುವಾರ ಮಧ್ಯಾಹ್ನ ಬಂದು ನೋಡಿದರೆ ಟೋಪಿಯ ಒಂದು ಮೂಲೆಯಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳುಪೊರೆ ಎದ್ದು ನೀರಿನಲ್ಲಿ ಪಟಪಟ ಆಡುತ್ತಿತ್ತು. ಮೂರು ದಿನ ಅದು ಹಾಗೇ ಆಡಿತು. ನಾಲ್ಕನೆಯ ದಿನ ಪೂರ್ತಿ ಕಳಚಿ ಪಂಪಿನ ಜಾಲರಿಗೆ ಹೋಗಿ ಸಿಕ್ಕಿಕೊಂಡಿತು. ಅದರ ಕೆಳಗಿನ ಚರ್ಮ ಹೊಸದು, ತಿಳಿಯಾದದ್ದು. ಅದರ ಮಾರನೆಯ ಬೆಳಿಗ್ಗೆ ಹತ್ತೋ ಹನ್ನೆರಡೋ ಹೂಗಳು ನಿಂತಿದ್ದವು. ಕತ್ತರಿಸಿದ ಅಂಚಿನ ಹತ್ತಿರವೇ ಮೊದಲು.

ಅಮ್ಮನನ್ನು ಕರೆದು ತೋರಿಸಿದೆ. 'ಅಯ್ಯೋ, ಕಣ್ ಬಿಟ್ಟೈತೆ ಪಾಪ' ಎಂದು ಸೆರಗಿನಿಂದ ಗಾಜು ಒರೆಸಿದಳು.

ಆ ಸಂಜೆ ಅಪ್ಪ ಸ್ಪರ್ಧೆಗೆ ಹೋಗುವ ಮಕ್ಕಳ ಭಾಷಣ ತಿದ್ದುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತು, 'ಛತ್ರಿ ಕೆಟ್ಟಿದ್ದು ಅಣ್ಣನಿಂದ ಅಲ್ಲಪ್ಪ. ಉಪ್ಪುನೀರು ಹಾಕಿದ್ದು ನಾನು. ನನ್ನ ವಾದ ತಪ್ಪಾಗಿತ್ತು. ಗೊತ್ತಾದ ಮೇಲೂ ನಿಮಗೆ ಹೇಳಲಿಲ್ಲ' ಅಂದೆ.

ಅವರು ಪೆನ್ನನ್ನು ಕೆಳಗಿಟ್ಟರು. 'ದೋಷ ಎಲ್ಲಿತ್ತು?' ಅಂದರು.

'ಗಾಳಿಗೆ ಹೋಗೋದು ನೀರು ಮಾತ್ರ. ಉಪ್ಪು ಅಲ್ಲೇ ಇರುತ್ತೆ.'

ಒಳಗೆ ಅಮ್ಮ ಒಗ್ಗರಣೆ ಹಾಕಿದ ಸದ್ದು ಬಂತು. 'ನಂಗೂ ಹೊಳೀಲಿಲ್ವಲ್ಲ' ಅಂದರು ಅಪ್ಪ. ಆಮೇಲೆ ತಮಗೆ ತಾವೇ ಅನ್ನುವ ಹಾಗೆ, 'ವಾಕ್ಯ ಚೆನ್ನಾಗಿತ್ತು' ಅಂದರು. ಅವರ ಮುಖವನ್ನು ನೋಡಲಾಗಲಿಲ್ಲ. ತಿದ್ದುತ್ತಿದ್ದ ಹಾಳೆಗಳನ್ನು ಮಡಿಚಿಟ್ಟು ಎದ್ದು ಹೋಗಿ, ತೊಟ್ಟಿಯ ಮುಂದೆ ಕತ್ತಲಾಗುವ ತನಕ ಕೂತಿದ್ದರು.

ಅಣ್ಣ ಹೊಸದುರ್ಗದಲ್ಲಿ ಎರಡಡಿಯ ತೊಟ್ಟಿಯೊಂದನ್ನು ಕಟ್ಟಿ ನೀರು ಓಡಿಸುತ್ತಿದ್ದಾನೆ ಎಂದು ತಿಳಿದ ಮೇಲೆ, ಛತ್ರಿಯನ್ನು ನಾನೇ ತಲುಪಿಸುತ್ತೇನೆ ಎಂದು ಹೊರಟೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ನೀರು, ಚೀಲವನ್ನು ಹಾಲಿನ ಕ್ಯಾನಿನಲ್ಲಿಟ್ಟು, ಕ್ಯಾನನ್ನು ಎರಡು ಕಾಲುಗಳ ನಡುವೆ ಹಿಡಿದು ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿನಲ್ಲಿ ಕೂತೆ.

'ಏನಮ್ಮ ಅದು, ತುಪ್ಪನಾ?' ಅಂದ ಕಂಡಕ್ಟರು.

'ಪ್ರಾಣಿ.'

'ಹಂಗಾರೆ ಟಿಕೆಟ್ ಆಗ್ತೈತೆ ನೋಡು.'

'ಇದು ಎಲ್ಲೂ ಓಡಾಡಲ್ಲ. ಇಟ್ಟಲ್ಲೇ ಇರುತ್ತೆ.'

'ನಮ್ ಬಸ್ಸೂ ಹಂಗೇ ಕಣಮ್ಮ, ಆದ್ರೂ ಜನಕ್ಕೆ ಟಿಕೆಟ್ ಕೊಡ್ತೀವಿ' ಎಂದು ಮುಂದಕ್ಕೆ ಹೋದ. ಹೊಳಲ್ಕೆರೆಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ನಾನು ಮುಚ್ಚಳ ತೆಗೆದು ನೋಡಲಿಲ್ಲ.

ತೆಂಗಿನ ತೋಟವೊಂದರ ಪಕ್ಕದಲ್ಲಿ ಅಣ್ಣನ ಕೋಣೆ. ಎರಡೂ ನೀರಿನ ಕಾವು ಒಂದಾಗಲಿ ಎಂದು ಚೀಲವನ್ನು ತನ್ನ ತೊಟ್ಟಿಯಲ್ಲಿ ತೇಲಿಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಛತ್ರಿಯನ್ನು ಚೀಲದ ನೀರಿನ ಸಮೇತ ಬೋಗುಣಿಗೆ ಬಿಟ್ಟು, ತೊಟ್ಟಿಯಿಂದ ಒಂದು ತೆಳು ನಳಿಕೆ ಎಳೆದು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಿಡುವ ಹಾಗೆ ಹನಿ ಹನಿಯಾಗಿ ಬೀಳುವಂತೆ ಗಂಟು ಬಿಗಿದ. ಬೋಗುಣಿ ಅರ್ಧ ತುಂಬಿದಾಗ ನಾನು ಬಾಯಿ ತೆರೆದೆ.

'ಅಪ್ಪನಿಗೆ ಎಲ್ಲಾ ಹೇಳ್ದೆ.'

'ಹೂಂ. ಕಾಗದ ಬರ್ದಿದ್ರು.'

'ಏನಂತ?'

'ಮುಂದಿನ ರೂಮು ನಿಂದೇ. ಬಂದ್ಬಿಡು ಅಂತ.'

'ಯಾವಾಗ ಬರ್ತೀಯ?'

ಅವನು ನಳಿಕೆಯ ಗಂಟನ್ನು ಸ್ವಲ್ಪ ಸಡಿಲಿಸಿದ. ಎಣಿಸಿದ ಹಾಗೆ ನಾಲ್ಕು ಹನಿ ನೋಡಿದ. ನಾನು ಕಾದೆ.

'ಬರಲ್ಲ' ಅಂದ. 'ಅವತ್ತು... ಬೇಕಿತ್ತು. ಬಾಳ ಬೇಕಿತ್ತು.' ಮತ್ತೆ ನಿಂತ. 'ಇಲ್ಲಿ ಹುಡುಗ್ರು ಲ್ಯಾಬಿಗೆ ಬಂದು ಪ್ರಶ್ನೆ ಕೇಳ್ತವೆ. ಯೋಚ್ನೆ ಮಾಡಿ ನಾಳೆ ಹೇಳ್ತೀನಿ ಅಂತೀನಿ. ನಾಳೆ ಬಂದು ನಿಂತ್ಕಂತವೆ.'

ಆ ಮಾತಿಗೆ ನನ್ನ ಹತ್ತಿರ ಕಡಿಮೆಯೆಂದರೂ ನಾಲ್ಕು ಆಕ್ಷೇಪಗಳಿದ್ದವು. ಹಲ್ಲಿನ ಡಾಕ್ಟರು ಕೇಳುತ್ತಿದ್ದಾರೆ, ಚಾಚಾ ಗಾಜು ಎತ್ತಿಟ್ಟಿದ್ದಾರೆ, ಅಮ್ಮ ಕಾಯುತ್ತಿದ್ದಾಳೆ, ಲ್ಯಾಬ್ ಸಹಾಯಕನ ಕೆಲಸ ನಿನ್ನ ಕೈಗೆ ತಕ್ಕದ್ದಲ್ಲ. ಒಂದೊಂದೂ ನಿಲ್ಲುವಂಥದ್ದೇ. ಯಾವುದನ್ನೂ ಆಡಲಿಲ್ಲ. 'ತಪ್ಪಾಯ್ತಣ್ಣ' ಅಂದೆ. ಅವನು ತಲೆ ಆಡಿಸಿದ. ಹೌದು ಎಂದೋ ಇರಲಿ ಎಂದೋ ತಿಳಿಯಲಿಲ್ಲ, ಕೇಳಲೂ ಇಲ್ಲ.

ಬೋಗುಣಿ ತುಂಬಿದ ಮೇಲೆ ಛತ್ರಿಯನ್ನು ಎತ್ತಿ ಅವನ ಕಲ್ಲುಗಳ ನಡುವೆ ಕೂರಿಸಿದ. ಪ್ರಯಾಣಕ್ಕೆ ಅದು ಮತ್ತೆ ಮುಚ್ಚಿಕೊಂಡಿತ್ತು.

'ನಾಳೆ ತೆರೀತೈತಾ?' ಅಂದೆ.

'ನೋಡ್ಬೇಕು.'

ಕೊನೆಯ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಇಬ್ಬರೂ ನೆಲದ ಮೇಲೆ ಕೂತು ಅದನ್ನು ನೋಡುತ್ತಿದ್ದೆವು. ಏನೂ ಆಗಲಿಲ್ಲ. ಅವನು ಬಸ್‌ಸ್ಟ್ಯಾಂಡಿನ ತನಕ ಬಂದು, ಖಾಲಿ ಕ್ಯಾನನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟ.